ಮಂಗಳ ಗ್ರಹದ ಅತ್ತೆ

"ತಗಿ ಅತ್ಲಾಗೆ! ಆರ್ ತಿಂಗ್ಳು ಚಂದ್ರನ ಮ್ಯಾಲಿದ್ರಂತೆ, ಒಬ್ನಾರ ಪಾತ್ರೆ ತೊಳ್ದ್ನಾ? ಇಂತಾ ಕತೆ ನಂಗ್ಬ್ಯಾಡ," ಎಂದು ದೊಡ್ಡತಾಯಮ್ಮ ಮೊರದ ಬೆಳ್ಳುಳ್ಳಿ ಸಿಪ್ಪೆಯನ್ನು ಉಫ್ ಎಂದು ಊದಿದಳು.

ಪಣಕಹಳ್ಳಿಯ ಆ ಜಗಲಿಯಲ್ಲಿ ಹೀಗೆ ಮಕಾಡೆ ಬಿದ್ದ ಕಾದಂಬರಿ ಇದು ನಾಲ್ಕನೆಯದು. ಸಕ್ಕರೆ ಕಾಯಿಲೆ ಕಣ್ಣು ತಿಂದ ಮೇಲೆ ದೊಡ್ಡತಾಯಮ್ಮನಿಗೆ ಸೊಸೆ ಮಮತ ಮಧ್ಯಾಹ್ನ ಓದಿ ಹೇಳುತ್ತಿದ್ದಳು. ಪುಸ್ತಕ ಕಳಿಸುವವಳು ಚಾಮರಾಜನಗರದಲ್ಲಿ ವಿಜ್ಞಾನದ ಟೀಚರಾಗಿರುವ ಮಮತಳ ತಂಗಿ. ಹಾಗಾಗಿ ಬರುವುದೆಲ್ಲ ರಾಕೆಟ್ಟು, ಯಂತ್ರಮಾನವರ ಕಥೆಯೇ. ಮುದುಕಿಗೆ ದಾಕ್ಷಿಣ್ಯ ಅನ್ನುವುದೇ ಇಲ್ಲ. ಕಾಲದಲ್ಲಿ ಹಿಂದಕ್ಕೆ ಹೋಗುವವನ ಕಾದಂಬರಿಗೆ, "ಇಂದಕ್ಕೋಗಿ ರಾಜ್ರುನ್ನ ನೋಡ್ಕಂಡ್ ಬಂದ್ನಾ? ಸತ್ತೋದ ಅವ್ವುನ್ನ ನೋಡ್ಬಾರ್ದಾ, ಮುಂಡೇದು!" ಅಂದಿದ್ದಳು. ಯಂತ್ರದ ಹುಡುಗಿಯೊಬ್ಬಳು ಕೊನೆಗೆ ಕೆಟ್ಟು ನಿಂತ ಕಥೆಗೆ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇನ್ನೊಂದು ಸಲ ಓದಿಸಿದ್ದಳು.

ಅಂಥ ಕಿವಿಗೆ ಇವತ್ತು ಮಮತ ತನ್ನದೇ ಕಾದಂಬರಿಯನ್ನು ಹಾಕಲಿದ್ದಳು. ಎರಡು ವರ್ಷ ಕದ್ದು ಕದ್ದು ಬರೆದದ್ದು, ಗಂಡನಿಗೂ ಗೊತ್ತಿಲ್ಲ. ಅತ್ತೆ ಒಪ್ಪಿದರೆ ಪ್ರಕಾಶಕರಿಗೆ, ಛೀ ಅಂದರೆ ಒಲೆಗೆ. "ಇದೂ ತಂಗಿ ಕಳ್ಸಿದ್ದೇ ಅತ್ತೆ," ಎಂದು ನೋಟ್‌ಬುಕ್ ಬಿಡಿಸಿದಳು.

ಮಂಗಳ ಗ್ರಹದಲ್ಲೊಂದು ಮನೆ. ಸೊಸೆ ಭೂಮಿಗೆ ಹೋಗಿ ಪರೀಕ್ಷೆ ಬರೆಯಬೇಕು. ಎರಡು ವರ್ಷಕ್ಕೊಂದೇ ರಾಕೆಟ್ಟು. ಹೊರಡುವ ದಿನ, ದೂಳಿನ ಬಿರುಗಾಳಿ ಎದ್ದಿದೆ, ರಾಕೆಟ್ಟು ಬರುವುದಿಲ್ಲ ಎಂದು ಅತ್ತೆ ಬಂದು ಹೇಳುತ್ತಾಳೆ. ಅತ್ತೆ ಸೊಸೆಯನ್ನು ತಬ್ಬಿಕೊಂಡು ಗೋಳೋ ಎಂದು ಅಳುತ್ತಾಳೆ.

ದೊಡ್ಡತಾಯಮ್ಮನ ಕೈ ನಿಂತಿತು. "ಚೆಂದಾಗದೆ ಕಣವ್ವ. ಆ ಕೆಂಪು ಮಣ್ಣು, ಗಾಳಿ, ಎಲ್ಲಾ ಕಣ್ಗೆ ಕಟ್ದಂಗದೆ. ಆ ಅತ್ತೆ ಮಾತ್ರ ಸುಳ್ಳು."

"ಯಾಕತ್ತೆ?"

"ಗಾಳಿ ಎದ್ದದೆ, ರಾಕೆಟ್ಟು ಬರಲ್ಲ ಅಂತ ಯೋಳ್ದೋಳು ಅವ್ಳೇ ತಾನೆ? ಸೊಸೆ ಬಾಗ್ಲಾಚೆ ಬಂದು ನೋಡುದ್ಲಾ?"

ಮಮತ ನೋಟ್‌ಬುಕ್ಕಿನಿಂದ ತಲೆಯೆತ್ತಿದಳು. ಹನ್ನೆರಡು ವರ್ಷದ ಹಿಂದೆ, ಅವಳ ಟೀಚರ್ ಪರೀಕ್ಷೆಯ ದಿನ, ಜೀರಹಳ್ಳಿ ರಸ್ತೆಯಲ್ಲಿ ಆನೆ ನಿಂತಿದೆ, ಬಸ್ಸು ಬರುವುದಿಲ್ಲ ಎಂದು ಬಂದು ಹೇಳಿದ್ದವಳು ಈ ಅತ್ತೆಯೇ. ಈ ಬೆಟ್ಟದ ಊರುಗಳಲ್ಲಿ ಅಂಥ ಮಾತು ಕೇಳಿದರೆ ಯಾರೂ ಹೋಗಿ ನೋಡಿಬರುವುದಿಲ್ಲ.

"ಬರ್ದೋಳು ನೀನೇ ಅಂತ ಗೊತ್ತಾಗಕ್ಕೆ ಕಣ್ಣು ಬೇಕಾ?" ಎಂದಳು ದೊಡ್ಡತಾಯಮ್ಮ. "ಆವತ್ತು ಆನೆ ಇರ್ಲಿಲ್ಲ ಕಣವ್ವ. ನೀನು ಟೀಚರಾಗ್ಬುಟ್ರೆ ನನ್ ಮಾತ್ ಕೇಳಾಕಿಲ್ಲ ಅಂತ ಎದ್ರುಕೊಂಡೆ. ತಪ್ಪು ಮಾಡ್ಬುಟ್ಟೆ."

ಇಷ್ಟು ವರ್ಷವೂ ಮಮತ ಶಾಪ ಹಾಕಿದ್ದು ಆ ಆನೆಗೆ. ಮೊರವನ್ನು ಒದ್ದು ಎದ್ದುಹೋಗಬೇಕು ಅನ್ನಿಸಿತು. ಹೋಗಲಿಲ್ಲ. ಪೆನ್ನು ತೆಗೆದು, ಅತ್ತೆ ಅಳುವ ಸಾಲುಗಳನ್ನು ಹಾಳೆ ಹರಿಯುವಂತೆ ಹೊಡೆದುಹಾಕಿದಳು.

"ಬಸ್ಸು ಎಷ್ಟೊತ್ಗೆ ಬಂತು?"

"ಏಳಕ್ಕೆ. ಊರ್ಬಾಗ್ಲಲ್ಲಿ ಖಾಲಿ ನಿಂತಿತ್ತು. ಪರೀಕ್ಸೆ ಉಡ್ಗಿ ಎಲ್ಲವ್ಳೆ ಅಮ್ಮ, ಕಾಯ್ತೀನಿ ಕರ್ಕಂಡ್ ಬನ್ನಿ ಅಂದ, ಡ್ರೈವರ್ರು."

ಮಮತ ಬರೆದುಕೊಂಡಳು. "ನೀವೇನಂದ್ರಿ?"

"ಏನೂ ಅನ್ನಿಲ್ಲ. ಓಗು ಅಂತ ಕೈ ಬೀಸ್ದೆ. ಇಂಗೆ."

ಮುದುಕಿಯ ಕೈ ಗಾಳಿಯಲ್ಲಿ ಒಮ್ಮೆ ಆಡಿ, ಮಡಿಲಿಗೆ ಬಿತ್ತು. ಮಮತ ಆ ಕೈಯನ್ನೇ ನೋಡುತ್ತ ಕೂತಳು.