ಮಿಯೊ ಕಲಿಸಿದ ಅರಬಿ

ಹರಿಣಾಕ್ಷಿ ಮದುವೆಯಾಗಿ ಬಹರೈನಿನ ರಿಫಾಕ್ಕೆ ಬಂದದ್ದು ತೊಂಬತ್ತನಾಲ್ಕರ ಬೇಸಗೆಯಲ್ಲಿ. ಗಂಡ ಭುಜಂಗನಿಗೆ ಅವಾಲಿಯ ತೈಲ ಕಂಪೆನಿಯಲ್ಲಿ ಕೆಲಸ. ಬೆಳಿಗ್ಗೆ ಕಾರು ಹತ್ತಿ ಹೋದರೆ ಕತ್ತಲಾದ ಮೇಲೇ ಬರುತ್ತಿದ್ದ. ಶುಕ್ರವಾರ ಮನಾಮಾಕ್ಕೆ ಹೋಗಿ ಊರಿನವರನ್ನು ನೋಡಿ ಬರುವುದು ಬಿಟ್ಟರೆ, ವಾರವಿಡೀ ಅವಳೊಡನೆ ಮಾತಾಡುವವನು ಕೆಳಗಿನ ಕೋಲ್ಡ್ ಸ್ಟೋರ್ ಅಂಗಡಿಯ ಮಲಯಾಳಿ ಒಬ್ಬನೇ. ಅವನೂ "ಹಾಲಾ, ಬ್ರೆಡ್ಡಾ?" ಎಂದು ಕೇಳಿ ಚಿಲ್ಲರೆ ಕೊಡುವಷ್ಟರಲ್ಲಿ ಮಾತು ಮುಗಿಯುತ್ತಿತ್ತು.

ಸಂಜೆಯ ಮೊದಲು ಟಿವಿಯಲ್ಲಿ ಒಂದು ಜಪಾನಿ ಸೀರಿಯಲ್ ಬರುತ್ತಿತ್ತು. ಬೆಳ್ಳಿ ಕವಚದ ಮೂವರು ವೀರರು ಆಕಾಶದಿಂದ ಇಳಿಯುವ ರಾಕ್ಷಸರೊಡನೆ ಹೊಡೆದಾಡುವ ಕಥೆ. ಮಾತೆಲ್ಲ ಅರಬಿಯಲ್ಲಿ. ಹೊಡೆದಾಟ ಹರಿಣಾಕ್ಷಿಗೆ ಬೇಡವಾಗಿತ್ತು. ಆದರೆ ಅದರಲ್ಲಿ ಮಿಯೊ ಎಂಬ ಏಳೆಂಟು ವರ್ಷದ ಹುಡುಗಿಯೊಬ್ಬಳಿದ್ದಳು. ಗುಡ್ಡದ ಮೇಲಿನ ಗೋಪುರದಲ್ಲಿ ಒಬ್ಬಳೇ ಇದ್ದು, ದೊಡ್ಡ ದುರ್ಬೀನಿನಲ್ಲಿ ಆಕಾಶ ನೋಡುತ್ತ, ರಾಕ್ಷಸ ಬಂದರೆ ವೀರರಿಗೆ ತಿಳಿಸುವುದು ಅವಳ ಕೆಲಸ. ವೀರರು ಬರುತ್ತಿದ್ದರು, ಸುದ್ದಿ ಕೇಳುತ್ತಿದ್ದರು, ಓಡುತ್ತಿದ್ದರು. ಊಟ ಆಯಿತಾ ಎಂದು ಆ ಹುಡುಗಿಯನ್ನು ಒಬ್ಬರೂ ಕೇಳಲಿಲ್ಲ.

ಮಿಯೊ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. ಹಾಗಾಗಿ ಹರಿಣಾಕ್ಷಿಗೆ ಮೊದಲು ಅರ್ಥವಾದ ಅರಬಿ ಮಿಯೊಳದ್ದೇ. ಹೆದರಿದವರ ಕೈ ಹಿಡಿದು ಅವಳು "ಲಾ ತಖಾಫೀ, ಅನಾ ಹುನಾ" ಎನ್ನುವಳು: ಹೆದರಬೇಡ, ನಾನಿಲ್ಲಿದ್ದೇನೆ. ಹರಿಣಾಕ್ಷಿ ಒಗೆದ ಬಟ್ಟೆ ಹರವುವಾಗ ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು.

ಒಂದು ದಿನ ಕೆಳಗಿನ ಫ್ಲ್ಯಾಟಿನಿಂದ ಬೊಬ್ಬೆ ಕೇಳಿಸಿತು. ಅಲ್ಲಿದ್ದದ್ದು ಬಹರೈನಿ ಕುಟುಂಬ. ಎದುರಾದರೆ ನಗು, ಅಷ್ಟೇ ಪರಿಚಯ. ಹರಿಣಾಕ್ಷಿ ಇಳಿದು ಹೋದಾಗ ಬಾಗಿಲು ತೆರೆದೇ ಇತ್ತು. ಐದು ವರ್ಷದ ನೂರಾ ಬಚ್ಚಲಿನೊಳಗಿಂದ ಬೀಗ ಹಾಕಿಕೊಂಡು, ತೆಗೆಯಲು ತಿಳಿಯದೆ ಕಿರುಚುತ್ತಿದ್ದಳು. ತಾಯಿ ಹೊರಗೆ ಬಾಗಿಲು ಬಡಿದಷ್ಟೂ ಮಗುವಿನ ಅಳು ಜೋರಾಗುತ್ತಿತ್ತು.

ಹರಿಣಾಕ್ಷಿ ತಾಯಿಯ ಕೈ ಹಿಡಿದು ನಿಲ್ಲಿಸಿದಳು. ನೆಲದ ಮೇಲೆ ಕೂತು ಬಾಗಿಲಿಗೆ ಬಾಯಿ ತಾಗಿಸಿದಳು.

"ಲಾ ತಖಾಫೀ. ಅನಾ ಹುನಾ."

ಒಳಗೆ ಅಳು ನಿಂತಿತು. ಬಿಕ್ಕಳಿಸುತ್ತಲೇ ಮಗು ಕೇಳಿತು, "ಮಿಯೊ?"

ಹರಿಣಾಕ್ಷಿ "ನಅಮ್" ಎಂದಳು. ಹೌದು.

ಕೀಲಿಗೆ ಮಿಫ್ತಾಹ್ ಎನ್ನುವುದು ಅವಳಿಗೆ ಗೊತ್ತಿತ್ತು. ತಿರುಗಿಸು ಎನ್ನುವುದು ಗೊತ್ತಿರಲಿಲ್ಲ. "ಮಿಫ್ತಾಹ್... ಶ್ವಯ್ಯ, ಶ್ವಯ್ಯ" ಎನ್ನುತ್ತ ಹೋದಳು, ಮೆಲ್ಲ, ಮೆಲ್ಲ. ಒಳಗೆ ಕೀಲಿ ಕಿರಗುಟ್ಟಿತು, ನಿಂತಿತು, ಮತ್ತೆ ತಿರುಗಿತು. ಬಾಗಿಲು ತೆರೆಯಿತು.

ನೂರಾ ಹರಿಣಾಕ್ಷಿಯನ್ನು ನೋಡಿದಳು. ಅವಳ ಹಿಂದೆ ನೋಡಿದಳು. ಕೋಣೆಯಿಡೀ ಕಣ್ಣಾಡಿಸಿದಳು.

"ವೇನ್ ಮಿಯೊ?"

ಮಿಯೊ ಎಲ್ಲಿ? ತಾಯಿ ಮಗುವನ್ನು ಎತ್ತಿಕೊಂಡು, ಹರಿಣಾಕ್ಷಿಯ ಎರಡು ಕೆನ್ನೆಗೂ ಮುತ್ತಿಟ್ಟಳು. ನೂರಾ ಮಾತ್ರ ತಾಯಿಯ ಹೆಗಲ ಮೇಲಿಂದ ಮೆಟ್ಟಿಲ ಕಡೆಗೇ ನೋಡುತ್ತಿದ್ದಳು.

ಅಂದಿನಿಂದ ಸೀರಿಯಲಿನ ಹೊತ್ತಿಗೆ ನೂರಾ ಮೇಲೆ ಬರತೊಡಗಿದಳು. ಅದು ಮಿಯೊಳ ಮನೆಯೇ ಎಂದು ಅವಳಿಗೆ ಸಂಶಯವಿದ್ದಿರಬೇಕು. ಮೊದಮೊದಲು ಅಡುಗೆಮನೆ, ಕಪಾಟಿನ ಹಿಂದೆ ಎಲ್ಲ ಇಣುಕಿ ನೋಡಿದಳು. ಆಮೇಲೆ ಸುಮ್ಮನೆ ಪಕ್ಕದಲ್ಲಿ ಕೂತು ನೀರುದೋಸೆ, ಬೆಲ್ಲ ತೆಂಗಿನಕಾಯಿ ತಿಂದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೂ ಮಧ್ಯಾಹ್ನವಾದೊಡನೆ ಹರಿಣಾಕ್ಷಿಯ ಕಿವಿ ಮೆಟ್ಟಿಲ ಕಡೆಗಿರುತ್ತಿತ್ತು.

ಚಳಿಗಾಲ ಮುಗಿಯುವ ಮೊದಲೇ ಕೆಳಗಿನವರಿಗೆ ಹಮದ್ ಟೌನಿನಲ್ಲಿ ಮನೆ ಸಿಕ್ಕಿತು. ಸಾಮಾನು ಪಿಕಪ್ಪಿಗೆ ಏರಿಸುವಾಗ ನೂರಾ ಹೊಸ ಚಪ್ಪಲಿಯ ಸಂಭ್ರಮದಲ್ಲಿದ್ದಳು. ಕೈ ಬೀಸು ಎಂದು ತಾಯಿ ಹೇಳಿದಾಗ ಬೀಸಿದಳು.

ಮರುವಾರ ಸೀರಿಯಲೂ ಮುಗಿಯಿತು. ಕೊನೆಯ ಕಂತನ್ನು ಹರಿಣಾಕ್ಷಿ ಒಬ್ಬಳೇ ನೋಡಿದಳು. ಅಂದು ಭುಜಂಗ ಬಂದಾಗ ಟಿವಿ ಆರಿತ್ತು.

"ಎಂತ, ಇವತ್ತು ಟಿವಿ ಇಲ್ವಾ?"

"ಅದು ಮುಗೀತು."

"ಬೇರೆ ಏನಾದ್ರೂ ಬರ್ತದಲ್ಲ."

"ಬರ್ತದೆ." ಅವಳು ಅನ್ನ ಬಡಿಸಿದಳು. "ನಿಮಗೆ ಅದರ ಕಥೆ ಹೇಳ್ಲಾ?"

"ಮಕ್ಕಳ ಸೀರಿಯಲ್ ಅಲ್ವಾ ಅದು? ಹೇಳು, ಹೇಳು."

"ಒಂದು ಹುಡುಗಿ ಇತ್ತು. ಗುಡ್ಡದ ಮೇಲೆ, ಒಂದೇ."

ಊಟ ಮುಗಿಸಿ ಭುಜಂಗ ಸೋಫಾದ ಮೇಲೆ ಅಡ್ಡಾದ. "ಮತ್ತೆ?" ಎಂದ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ "ಮತ್ತೆ?" ಎಂದ. ಆಮೇಲೆ ಅವನ ಗೊರಕೆ ಶುರುವಾಯಿತು.

ಹರಿಣಾಕ್ಷಿ ದನಿ ತಗ್ಗಿಸಿ ಕಥೆ ಮುಂದುವರಿಸಿದಳು. ಇನ್ನೂ ಬಹಳ ಉಳಿದಿತ್ತು.