ಎರಡು ಸಲ ಉಣ್ಣುವ ಗಂಡ

ಚಾತುರ್ಮಾಸದಲ್ಲಿ ಜೈನರ ಮನೆಯ ಮಂದಿ ಉಪವಾಸ ಮಾಡಿ ಸೊರಗುವುದು ರೂಢಿ. ಮಿರಜದ ಹತ್ತಿರದ ಆರಗದ ಕುಣಾಲ ಮಾತ್ರ ಉಬ್ಬುತ್ತಿದ್ದ. ಶ್ರಾವಣ ಮುಗಿಯುವುದರೊಳಗೆ ಪ್ಯಾಂಟಿನ ಗುಂಡಿ ಕಿತ್ತು ಹಾರಿತು.

ಕಾರಣ ಅವನೊಬ್ಬನಿಗೇ ಗೊತ್ತಿತ್ತು. ತಾಯಿ ಚಂದ್ರಾಬಾಯಿ ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವವಳಲ್ಲ. ಒಬ್ಬಳೇ ಉಣ್ಣಬೇಕು ಎಂದು ಅವಳು ಗೊಣಗಿದಾಗ, ಈ ನಾಲ್ಕು ತಿಂಗಳು ತಾನೂ ರಾತ್ರಿ ಊಟ ಬಿಡುತ್ತೇನೆಂದು ಕುಣಾಲ ಮಾತು ಕೊಟ್ಟ. ಬೀಜ-ಗೊಬ್ಬರದ ಅಂಗಡಿ ಮನೆಗೆ ಹತ್ತಿಕೊಂಡೇ ಇತ್ತು. ಸಂಜೆ ಹೊತ್ತು ಮುಳುಗುವ ಮೊದಲೇ ಒಳಗೆ ಹೋಗಿ ತಾಯಿಯ ಜೊತೆ ಉಂಡು ಬರುತ್ತಿದ್ದ. ಹೆಂಡತಿ ಅನುಜಾ ವಿಶ್ರಾಮಬಾಗದ ಒಂದು ಕಣ್ಣಿನ ದವಾಖಾನೆಯಲ್ಲಿ ಕೆಲಸ ಮುಗಿಸಿ, ಮಿರಜದಲ್ಲಿ ಬಸ್ಸು ಬದಲಿಸಿ ಬರುವಾಗ ಕತ್ತಲಾಗಿರುತ್ತಿತ್ತು. ದಿನಾ ತಣ್ಣಗಾದ ಅನ್ನ ಮುಂದಿಟ್ಟುಕೊಂಡು ಗೋಡೆ ನೋಡುವುದಾದರೆ ದವಾಖಾನೆಯ ಹತ್ತಿರವೇ ಬಾಡಿಗೆ ಮನೆ ಹಿಡಿಯೋಣ ಎಂದು ಅವಳು ಹೇಳಿದ್ದಳು. ಗಾಬರಿಯಾದ ಕುಣಾಲ, ನೀನು ಬರುವತನಕ ನಾನೂ ಉಣ್ಣುವುದಿಲ್ಲ ಎಂದು ಅವಳಿಗೂ ಮಾತು ಕೊಟ್ಟ. ಎರಡೂ ಮಾತು ಉಳಿಯಲೆಂದು ಎರಡು ಸಲ ಉಂಡ. ತಾಯಿ ಬಸದಿಯಲ್ಲಿ ಶಾಸ್ತ್ರ ಕೇಳಿ ಬರುವಷ್ಟರಲ್ಲಿ ಎರಡನೆಯ ಊಟದ ತಾಟು ತೊಳೆದಿಟ್ಟಾಗಿರುತ್ತಿತ್ತು.

ಒಂದು ದಿನ ದವಾಖಾನೆಯ ಡಾಕ್ಟರು ಪುಣೆಗೆ ಹೋದರು. ಅನುಜಾ ಬಿಸಿಲಿರುವಾಗಲೇ ಮನೆಗೆ ಬಂದಳು. ಕುಣಾಲ ತಾಯಿಯ ಎದುರು ಕೂತು ಮೂರನೆಯ ಜೋಳದ ಭಾಕರಿ ಮುರಿಯುತ್ತಿದ್ದ.

ಮಧ್ಯಾಹ್ನದ ಊಟ ತಡವಾಯಿತು ಎಂದ.

"ಮಧ್ಯಾಹ್ನದ್ದು ಯಾವಾಗೋ ಆತಲ್ಲೋ," ಎಂದಳು ಚಂದ್ರಾಬಾಯಿ. "ರಾತ್ರಿ ಊಟಾ ಬಿಟ್ಟಾನವ್ವಾ ಅಂವಾ."

"ಬಿಟ್ಟಾರ? ದಿನಾ ರಾತ್ರಿ ನನ್ನ ಜೋಡಿ ಉಣ್ತಾರಲ್ರಿ ಆಯಿ."

ಚಂದ್ರಾಬಾಯಿ ಮಗನ ಹೊಟ್ಟೆಯನ್ನು ದಿಟ್ಟಿಸಿದಳು.

"ಅದಕ್ಕ ಮತ್ತ. ನಾ ಏನ್ ಬ್ಯಾನಿ ಬಂದು ಬಾತೈತೋ ಅಂತ ಅಂಜಿ, ಹರಕಿ ಹೊತ್ತೇನಿ."

ಅನುಜಾ ನಗು ತಡೆಯಲಾರದೆ ಹೊಸ್ತಿಲ ಮೇಲೆ ಕುಸಿದಳು. ನಕ್ಕು ಮುಗಿದ ಮೇಲೆ ಮುಖ ಗಟ್ಟಿಯಾಯಿತು. "ನನಗ ಸುಳ್ಳು ಹೇಳಿ ಉಣ್ಣೋರು ಬ್ಯಾಡ್ರಿ. ಬಿಸಿ ಬಡಿಸಿ, ಎದುರಿಗೆ ಕುಂತು ಇವತ್ತ ಏನಾತು ಅಂತ ಕೇಳೋರು ಬೇಕು. ಇಲ್ಲಾಂದ್ರ ನಾಳೆನ ಮನಿ ನೋಡ್ತೇನಿ."

ಕುಣಾಲ ತಾಯಿಯ ಕಡೆ ನೋಡಿದ, ಅಲ್ಲಿಂದ ಬಿಡುಗಡೆ ಸಿಕ್ಕೀತೆಂದು.

"ನನ್ನ ಮಾರಿ ಏನ್ ನೋಡ್ತಿ? ರಾತ್ರಿ ಉಣ್ಣೋದು ಬಿಟ್ಟಿ. ಭಾಕರಿ ಬಡಿಯೋದು ಬಿಟ್ಟಿಲ್ಲಲಾ."

ಮರುದಿನ ಚಂದ್ರಾಬಾಯಿ ಬಸದಿಯಿಂದ ಬೇಗನೇ ಬಂದಳು. ಇಂಥ ತಮಾಷೆ ಬಿಟ್ಟು ಶಾಸ್ತ್ರ ಯಾರು ಕೇಳುತ್ತಾರೆ? ಕುಣಾಲ ಹಿಟ್ಟು ಮೆತ್ತಿದ ಕೈಯಲ್ಲಿ ಬಡಿದ ಮೊದಲನೆಯ ಭಾಕರಿ ಹಂಚಿನ ಮೇಲೆ ಹರಿದುಹೋಯಿತು, ಎರಡನೆಯದು ಕರಕಾಯಿತು. ಅನುಜಾ ಕರಕನ್ನು ಕೆರೆದು ಬೇಳೆ ಆಮಟಿಯಲ್ಲಿ ಅದ್ದಿಕೊಂಡು, ದವಾಖಾನೆಯಲ್ಲಿ ಜಗಳವಾಡಿದ ಅಜ್ಜನ ಕಥೆ ಹೇಳುತ್ತ ಉಂಡಳು.

ಆಮಟಿಯ ವಾಸನೆಗೆ ಕುಣಾಲನ ಬಾಯಲ್ಲಿ ನೀರೂರಿತು. ಹರಿದ ಭಾಕರಿಯ ಕಡೆ ಅವನ ಕೈ ಮೆಲ್ಲಗೆ ಸರಿಯಿತು.

ಇಬ್ಬರೂ ಒಮ್ಮೆಲೇ ಆ ಕೈ ಮೇಲೆ ಹೊಡೆದರು.