ತಾನೇ ನಿಲ್ಲುವ ಇಳಿಜಾರು

೧

ಇಳಿಜಾರಿನ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಮೇಲಿನಿಂದ ಬಿಟ್ಟರೆ ಉರುಳಿ ಹೋಗಿಬಿಡುತ್ತದೆ, ಕೆಳಗಿನಿಂದ ಹೊರಟರೆ ನನಗೇ ಏದುಸಿರು. ಮೊದಲ ಡ್ರಾಫ್ಟು "ಬದುಕೆಂಬುದು ಒಂದು ಇಳಿಜಾರು" ಎಂದು ಶುರುವಾಗಿತ್ತು. ಹರಿದು ಹಾಕಿದೆ. (ನೀವು ಬಚಾವಾದಿರಿ.)

ನಡೆದದ್ದು ಇಷ್ಟು. ಒಬ್ಬ ಹೆಂಗಸು ಅಕ್ಕನ ಮನೆಗೆ ಬಂದು, ಭಾವನ ಮುಂದೆ ಉದ್ದನೆಯ ಹಲಗೆಯೊಂದನ್ನು ಇಟ್ಟು ಕೇಳಿದಳು: "ಭಾವ, ಊರಲ್ಲಿ ಎಲ್ಲಕ್ಕಿಂತ ಸಾಧು ಇಳಿಜಾರು ಯಾವುದು?"

೨

ಅವಳು ಕಟ್ಟುಹಲ್ಲು ಮಾಡುವವಳು. ವಯಸ್ಸು ಮೂವತ್ತೊಂಬತ್ತು. ಹದಿನೈದು ವರ್ಷಗಳಿಂದ ಲ್ಯಾಬಿನ ಕಿಟಕಿ ಪಕ್ಕ ಕೂತು, ಯಾರದೋ ದವಡೆಯ ಅಚ್ಚಿನ ಮೇಲೆ ಮೇಣ ಕೆರೆಯುತ್ತಿದ್ದಾಳೆ. "ಕೂತೂ ಕೂತೂ ಸಾಕಾಯ್ತು, ನಿಂತ್ಕೊಂಡು ಮಾಡೋದೇನಾದ್ರೂ ಬೇಕು" ಎಂದು ಲಾಂಗ್‌ಬೋರ್ಡ್ ಕೊಂಡಿದ್ದಳು. ಸೊಂಟದೆತ್ತರದ ಹಲಗೆ, ಅಡಿಯಲ್ಲಿ ನಾಲ್ಕು ಚಕ್ರ. ಬ್ರೇಕ್ ಇಲ್ಲ.

ಬ್ರೇಕ್ ಇಲ್ಲ ಎಂದದ್ದೇ ತಡ, ಅಡುಗೆಮನೆಯಿಂದ ಅಕ್ಕ ಹೊರಬಂದಳು. "ಇವರ ಮುಂದೆ ತಂದಿಟ್ಟಿದ್ದೀಯಲ್ಲೇ, ನಿಂಗೆ ಬುದ್ಧಿ ಇದ್ಯಾ?"

೩

ಭಾವ ಬಸ್ ಡ್ರೈವರ್. ಇಪ್ಪತ್ತೆರಡು ವರ್ಷದ ಸರ್ವಿಸು. ಎಂಟು ತಿಂಗಳ ಹಿಂದೆ, ಆಸ್ಪತ್ರೆ ರಸ್ತೆಯ ಇಳಿಜಾರಿನಲ್ಲಿ ಬ್ರೇಕ್ ಹೋಯಿತು. ಬಸ್ಸನ್ನು ಕಾಂಪೌಂಡ್ ಗೋಡೆಗೆ ಉಜ್ಜಿ ನಿಲ್ಲಿಸಿದರು. ಯಾರೂ ಸಾಯಲಿಲ್ಲ, ಮುಂದಿನ ಸೀಟಿನ ಮುದುಕರೊಬ್ಬರ ಕಾಲು ಮುರಿಯಿತು.

("ಎರಡು ಸಾಲಲ್ಲಿ ಮುಗಿಸ್ಬಿಟ್ರಲ್ಲ," ಎನ್ನುತ್ತಾರೆ ಭಾವ, ನನ್ನ ಹಾಳೆಯ ಮೇಲೆ ಬಗ್ಗಿ. "ಅದು ಹನ್ನೊಂದು ಸೆಕೆಂಡ್ ಇತ್ತು."

"ಹನ್ನೊಂದು ಪುಟ ಬರೀಲಾ?"

"ಬೇಡ. ಎರಡು ಸಾಲೇ ಇರ್ಲಿ.")

ತಪ್ಪು ಅವರದಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆದರೂ ಭಾವ ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಈಗ ಡಿಪೋದ ಮೂಲೆಯ ಕೋಣೆಯಲ್ಲಿ, ಪ್ರಯಾಣಿಕರು ಮರೆತುಹೋದ ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿಗಳನ್ನು ಕಾಯುತ್ತಾರೆ. ಬಸ್ ಹತ್ತುತ್ತೀರೋ ಇಲ್ಲವೋ, ಗುರುವಾರದೊಳಗೆ ಬರೆದುಕೊಡಿ ಎಂದು ಮ್ಯಾನೇಜರ್ ಹೇಳಿಯಾಗಿದೆ.

೪

ಹೆಂಡತಿ ಹೆದರಿದಂತೆ ಏನೂ ಆಗಲಿಲ್ಲ. ಭಾವ ಹಲಗೆಯನ್ನು ಮಗುಚಿ, ಒಂದು ಚಕ್ರವನ್ನು ಬೆರಳಿಂದ ತಿರುಗಿಸಿ, ಅದು ನಿಲ್ಲುವವರೆಗೆ ನೋಡಿದರು. "ಇಳಿಜಾರನ್ನ ಕೆಳಗಿಂದ ನೋಡ್ಬೇಕು," ಎಂದರು. "ಕೊನೇಲಿ ಏನಿದೆ ಅನ್ನೋದು ಮೊದಲು."

ಭಾನುವಾರ ಬೆಳಿಗ್ಗೆ ಹೊರಟರು. ಸ್ಕೂಟರ್ ಓಡಿಸಿದವಳು ನಾದಿನಿ, ಹಿಂದೆ ಹಲಗೆ ತಬ್ಬಿಕೊಂಡು ಭಾವ.

ಶಾಲೆಯ ಹಿಂದಿನ ರಸ್ತೆ ಅವಳಿಗೆ ಹಿಡಿಸಿತು. ಭಾವ ನೆಲ ನೋಡಿದರು: ಜಲ್ಲಿ ಚೆಲ್ಲಿತ್ತು. "ಒಂದು ಕಲ್ಲು ಸಾಕು. ಚಕ್ರ ನಿಲ್ಲುತ್ತೆ, ನೀನು ನಿಲ್ಲಲ್ಲ." ಲೈಬ್ರರಿ ರಸ್ತೆ ಕನ್ನಡಿಯ ಹಾಗಿತ್ತು, ಆದರೆ ಬುಡದಲ್ಲಿ ಅಡ್ಡರಸ್ತೆ, ಲಾರಿಗಳು.

ಕೊನೆಗೆ ನೀರಿನ ಟ್ಯಾಂಕ್ ರಸ್ತೆ. ಆಚೆ ದಾರಿಯಿಲ್ಲ, ಹಾಗಾಗಿ ವಾಹನಗಳಿಲ್ಲ. ಹೊಸ ಡಾಂಬರು, ಅಷ್ಟೇನೂ ಕಡಿದಲ್ಲದ ಇಳಿಜಾರು, ಕೆಳಗೆ ಉದ್ದಕ್ಕೂ ಸಮತಟ್ಟು, ಆಮೇಲೆ ನೆಲವೇ ಮೆಲ್ಲಗೆ ಏರುತ್ತಿತ್ತು. "ಇಲ್ಲಿ ಬಸ್ ಬಿಟ್ರೂ ತಾನೇ ನಿಲ್ಲುತ್ತೆ," ಎಂದರು ಭಾವ.

೫

ಇಲ್ಲಿ ನಾನು ಅವಳನ್ನು ಬೀಳಿಸಿದ್ದೆ. ಮಣಿಕಟ್ಟು ಮುರಿತ, ಆಸ್ಪತ್ರೆ, ಭಾವನ ಕಣ್ಣೀರು, ಎಲ್ಲ ಸೇರಿ ಮೂರು ಪುಟ.

"ಯಾಕ್ರೀ? ಹೆಂಗಸು ಹಲಗೆ ಹತ್ತಿದ್ರೆ ಬೀಳ್ಲೇಬೇಕಾ?" ಎಂದು ಜಗಳಕ್ಕೆ ಬಂದಳು.

"ಕಥೆಗೆ ಏನಾದರೂ ಆಗಬೇಕಲ್ಲ."

"ಬೀಳೋದಾದ್ರೆ ನೀವೇ ಬೀಳಿ."

(ಮೂರು ಪುಟ ವಾಪಸ್.)

೬

ಭಾವ ರಸ್ತೆಯ ಉದ್ದಕ್ಕೂ ನಡೆದು, ಕಾಲಿಂದ ಕಲ್ಲುಗಳನ್ನು ಸರಿಸಿದರು. ಅವಳು ಮೊದಲು ಸಮತಟ್ಟಿನಲ್ಲಿ, ಒಂದು ಕಾಲು ನೆಲಕ್ಕೆ ಸವರಿ ನಿಲ್ಲಿಸುವುದನ್ನು ಕಲಿತಳು. ಆಮೇಲೆ ಬುಡದ ಮೊದಲ ದೀಪದ ಕಂಬದಿಂದ ಇಳಿದಳು. ನಂತರ ಎರಡನೆಯದು, ಮೂರನೆಯದು. ನಾಲ್ಕಕ್ಕಿಂತ ಮೇಲೆ ಇವತ್ತು ಬೇಡ ಎಂದು ಮಾತಾಗಿತ್ತು.

ಭಾವ ಸಮತಟ್ಟಿನಲ್ಲಿ ನಿಂತು ತಿರುಗಿ ನೋಡಿದಾಗ ಅವಳು ಆರನೆಯ ಕಂಬದಿಂದ ಬಿಟ್ಟಾಗಿತ್ತು. ವೇಗ ಏರಿತು. ಹಲಗೆ ಎಡಬಲಕ್ಕೆ ನಡುಗತೊಡಗಿತು.

"ಕಾಲು ಇಳ್ಸು! ಮೆಲ್ಲಗೆ! ಮೆಲ್ಲಗೆ ಒತ್ತು!" ಭಾವ ಕಿರುಚಿದರು.

ಅವಳ ಶೂ ಡಾಂಬರನ್ನು ಕೆರೆಯಿತು. ಅವರನ್ನು ದಾಟಿ, ಸಮತಟ್ಟು ದಾಟಿ, ಏರಿನಲ್ಲಿ ಹಲಗೆ ಸುಸ್ತಾಗಿ ನಿಂತಿತು. ಅವಳು ನಗುತ್ತ ಹಿಂದಿರುಗಿದಾಗ ಭಾವ ರಸ್ತೆಯ ಅಂಚಿನಲ್ಲಿ ಕೂತಿದ್ದರು.

"ತಪ್ಪಾಯ್ತು. ಬೈದುಬಿಡಿ ಭಾವ."

"ಬೈಯೋಕೂ ಉಸಿರು ಬೇಕಲ್ಲ."

ಅವಳೂ ಪಕ್ಕದಲ್ಲಿ ಕೂತಳು. ಆಗ, ವಿಚಾರಣೆಯಲ್ಲಿ ಯಾರೂ ಕೇಳದಿದ್ದ ಮಾತೊಂದನ್ನು ಭಾವ ಹೇಳಿದರು. "ಅವತ್ತು ನಾನು ಕೂಗ್ಲಿಲ್ಲ. ಹಿಡ್ಕೊಳ್ಳಿ ಅಂತ ಒಂದು ಮಾತು ಅಂದಿದ್ರೆ, ಆ ಯಜಮಾನ್ರು ಕಂಬಿ ಹಿಡ್ಕೋತಿದ್ರು. ಬಾಯೇ ಬರ್ಲಿಲ್ಲ."

ಇಲ್ಲಿ ಅವಳಿಗೆ "ಇವತ್ತು ಬಂತಲ್ಲ ಭಾವ" ಎಂಬ ಮಾತು ಬರೆದುಕೊಟ್ಟಿದ್ದೆ. "ಅಷ್ಟು ಸಲೀಸಾದ ಮಾತು ನಾನಾಡಲ್ಲ," ಎಂದು ಅವಳೇ ಹೊಡೆದುಹಾಕಿದಳು. ಬದಲಿಗೆ ಹೆಲ್ಮೆಟ್ ಬಿಚ್ಚಿ ಅವರ ಮಡಿಲಲ್ಲಿಟ್ಟಳು.

ಐವತ್ತೊಂದರ ಭಾವ ಮೊದಲ ಕಂಬದ ಹತ್ತಿರ ಹಲಗೆಯ ಮೇಲೆ ನಿಲ್ಲಲಿಲ್ಲ. ಕೂತರು, ಅಂಗಡಿಯ ಕಟ್ಟೆಯ ಮೇಲೆ ಕೂರುವ ಹಾಗೆ. ಎರಡೂ ಕಾಲೆತ್ತಿದರು. ಹಲಗೆ ಹೊರಟಿತು. ಅವಳು ಪಕ್ಕದಲ್ಲೇ ಓಡಿದಳು.

೭

ಅಂತ್ಯ ಒಂದು: ಭಾವ ಬಸ್ ಹತ್ತುತ್ತಾರೆ, ಮೊದಲ ಪ್ರಯಾಣಿಕರು ಅದೇ ಮುದುಕರು. (ಯಾರಾದರೂ ಸಿನಿಮಾ ಮಾಡಿಕೊಳ್ಳಲಿ.)

ಅಂತ್ಯ ಎರಡು: ರಾಜೀನಾಮೆ, ನೆಮ್ಮದಿ, ಭಾನುವಾರಕ್ಕೊಂದು ಹೊಸ ಇಳಿಜಾರು.

ಎರಡನ್ನೂ ಓದಿ ಭಾವ ಹಾಳೆ ಹಿಂದಿರುಗಿಸಿದರು. "ನಿಮಗೇನು, ಬರೆದು ಎದ್ದು ಹೋಗ್ತೀರ. ಬಸ್ಸಲ್ಲಿ ಐವತ್ತು ಜನ ಕೂತಿರ್ತಾರೆ."

ಬುಧವಾರ ಮಧ್ಯಾಹ್ನ ಡಿಪೋಗೆ ಹೋದೆ. ಛತ್ರಿಗಳ ನಡುವೆ ಜಾಗ ಮಾಡಿಕೊಂಡು ಭಾವ ಮ್ಯಾನೇಜರಿಗೆ ಬರೆಯುತ್ತಿದ್ದರು. ಅಕ್ಷರ ದಪ್ಪ, ಒಂದೇ ಸಾಲು. ನಿಮಗಾಗಿ ಓದೋಣವೆಂದು ಕತ್ತು ಚಾಚಿದೆ.

ಪರೀಕ್ಷೆಯಲ್ಲಿ ಕೂತ ಹುಡುಗರ ಹಾಗೆ ಅವರು ಎಡಗೈ ಅಡ್ಡ ಇಟ್ಟುಕೊಂಡು, ಬರೆಯುವುದನ್ನು ಮುಂದುವರಿಸಿದರು.